ನಡುವಿನ ಪಟ್ಟಿ

ಗ್ರಿಮ್ಸ್‌ಬಿಯ ರೈಲು ಹಳಿಯ ಹಿಂದೆ
ವರ್ಷದ ಬಾಡಿಗೆಗೆ ಸಿಕ್ಕ ತುಂಡು ನೆಲ ನನ್ನದು,
ನಂಬರು ಇಪ್ಪತ್ತೇಳು.
ಎಡಕ್ಕೆ ವಿಲ್ಫ್ ಮಂಬಿ, ಬಲಕ್ಕೆ ಮೇವಿಸ್ ಸ್ಕ್ರಿವನ್.
ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ.
ಕಾರಣ ಗೊಬ್ಬರ ಅಂದರು ಮಂದಿ.
ನಾನು ನಂಬಲಿಲ್ಲ. ಗೊಬ್ಬರವೇ.

ಮಂಬಿಯದು ಲದ್ದಿ.
ಬೇಸಿಗೆಯಲ್ಲಿ ಕಡಲ ದಂಡೆಗುಂಟ ಮಕ್ಕಳನ್ನು ಹೊರುವ
ಕತ್ತೆಗಳ ಲದ್ದಿ, ಒಣಹುಲ್ಲು, ಓಕ್ ಎಲೆ,
ಹೆಂಡತಿ ಕುಡಿದುಳಿದ ಚಹಾದ ಚರಟ.
ಹಿಮ ಬಿದ್ದ ಮುಂಜಾನೆ ತಿಪ್ಪೆಯ ಹಬೆಗೆ
ಕೈಗವಸು ಬಿಚ್ಚಿ ಅಂಗೈ ಒಡ್ಡುತ್ತಾನೆ.
ಅವಸರ ಮಾಡಬೇಡ, ಅದಿನ್ನೂ ಯೋಚಿಸುತ್ತಿದೆ, ಅನ್ನುತ್ತಾನೆ.

ಮೇವಿಸ್ ಬಂದರಿನ ಗೊಬ್ಬರದ ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಚೀಲದ ಬಾಯಿ ಹೊಲಿದವಳು.
ಸಾರಜನಕ, ರಂಜಕ, ಪೊಟ್ಯಾಷ್:
ಏಳು ಏಳು ಏಳು, ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ.
ಬಿಸ್ಕತ್ತಿನ ಡಬ್ಬಿಯಲ್ಲಿ ಬೂದು ಹರಳು, ಒಂದು ಹಳೇ ಚಮಚ.
ನಮ್ಮ ಕಡೆ ಇದಕ್ಕೆ ಸರಕಾರಿ ಗೊಬ್ಬರ ಅಂತಾರೆ, ಎಂದೆ.
ಸರ್ಕಾರಿ, ಸರ್ಕಾರಿ, ಎಂದು
ಇಡೀ ಸಂಜೆ ಈರುಳ್ಳಿ ಸಾಲಿಗೆ ಹೇಳಿಕೊಂಡು ನಕ್ಕಳು.

ಮೊದಲ ವರ್ಷ ನನಗೆ ಅವಸರ.
ತಿಪ್ಪೆಯ ಹಸಿ ಬದಿಯಿಂದಲೇ ಬುಟ್ಟಿ ತುಂಬಿ ತಂದೆ.
ಕಿತ್ತರೆ ಒಂದೊಂದಕ್ಕೂ ಎರಡು ಕಾಲು, ಮೂರು ಕಾಲು,
ಒಂದಂತೂ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತಿತ್ತು.
ಎರಡನೇ ವರ್ಷ ಬರೀ ಡಬ್ಬಿ.
ಮೇಲೆ ಮದುವೆ ಮಂಟಪದಂಥ ಸೊಪ್ಪು,
ಕೆಳಗೆ ಕಿರುಬೆರಳು.
ಮೂರು ದಿನದ ಮಳೆಗೆ
ಉಳಿದ ಹರಳೆಲ್ಲ ಕರಗಿ ಕಾಲುವೆ ಸೇರಿತು.

ಆಸ್ಪತ್ರೆಯ ಔಷಧಿ ಕೋಣೆಯಲ್ಲಿ
ಇಡೀ ರಾತ್ರಿ ಮಿಲಿಗ್ರಾಮು ತೂಗುವ ಕೈ ಇದು.
ಒಬ್ಬನೇ ರೋಗಿಗೆ ಎರಡು ಮದ್ದು ಕೊಡುವಾಗ
ಎರಡನ್ನೂ ಇಳಿಸಿ ಕೊಡುವುದು ಗೊತ್ತು.
ಮಣ್ಣಿಗೆ ಯಾಕೆ ಹೊಳೆಯಲಿಲ್ಲವೋ.

ಮೂರನೇ ವರ್ಷ, ಅಕ್ಟೋಬರಿನಲ್ಲಿ,
ಮಂಬಿಯ ತೀರ ಹಳೆಯ, ವಾಸನೆಯೇ ಇಲ್ಲದ ಕಪ್ಪು ಪುಡಿ
ಜರಡಿ ಹಿಡಿದು ಹಾಸಿ ಚಳಿಗೆ ಬಿಟ್ಟೆ.
ಏಪ್ರಿಲಿನಲ್ಲಿ ಬೀಜ, ಗುರುತಿಗೆ ನಡುನಡುವೆ ಮೂಲಂಗಿ.
ಜೂನಿನಲ್ಲಿ, ರಾತ್ರಿ ಒಂಬತ್ತಾದರೂ ಮುಗಿಯದ ಬೆಳಕಲ್ಲಿ,
ಮಂಬಿ ಬಾಗಿಲಿಗೆ ಬೀಗ ಜಡಿದು ಹೋದ ಮೇಲೆ
ಸಾಲಿನ ಪಕ್ಕ ಬೆರಳಲ್ಲಿ ಗೆರೆ ಎಳೆದು
ಮೇವಿಸ್ ಹೇಳಿದ್ದರಲ್ಲಿ ಅರ್ಧ ಚಮಚ ಉದುರಿಸಿ ಮುಚ್ಚಿದೆ,
ಕಳ್ಳಬಸಿರಿನ ಹಾಗೆ.

ಈ ಸಲ ಮಳೆ ಬಂತು, ಹರಳು ಕರಗಿತು,
ಎಲ್ಲಿಗೂ ಹೋಗಲಿಲ್ಲ.
ಸ್ಪಂಜಿನಂಥ ಆ ಕಪ್ಪು ಹಿಡಿದಿಟ್ಟುಕೊಂಡು
ಹಸಿದ ಬೇರಿಗೆ ದಿನಕ್ಕಿಷ್ಟು, ದಿನಕ್ಕಿಷ್ಟು, ಬಡಿಸಿತು.
ಆಗಸ್ಟಿನ ಭಾನುವಾರ ಜುಟ್ಟು ಹಿಡಿದು ಅಲುಗಿಸಿದರೆ
ಟಪ್ಪೆಂದು ಕೈಗೆ ಬಂತು,
ಗೇಣುದ್ದ, ಒಂದೇ ಕಾಲು.
ಗಜ್ಜರಿ, ಎಂದೆ ಗಟ್ಟಿಯಾಗಿ.
ಅಂಗಡಿಯದನ್ನು ಯಾವತ್ತೂ ಹಾಗೆ ಕರೆದಿರಲಿಲ್ಲ.

ನಾಲ್ಕರಲ್ಲೊಂದಕ್ಕೆ ಹುಳ ಬಿದ್ದಿತ್ತು, ಅದು ಬೇರೆ ಮಾತು.

ಮಂಬಿ ಮೂಸಿ ನೋಡಿದ: ಲದ್ದಿ ನೋಡು, ಸುಳ್ಳು ಹೇಳುವುದಿಲ್ಲ.
ಮೇವಿಸ್ ಕಟಕ್ಕೆಂದು ಕಡಿದಳು: ಪೊಟ್ಯಾಷ್.
ಇಬ್ಬರಿಗೂ ಹೌದು ಎಂದೆ.
ಇಬ್ಬರಿಗೂ ಸುಳ್ಳಾಡಲಿಲ್ಲ,
ಇಬ್ಬರಿಗೂ ಪೂರ್ತಿ ಹೇಳಲೂ ಇಲ್ಲ.

ಉಳಿದದ್ದನ್ನು ತುರಿದು ನಿಂಬೆ ಹಿಂಡಿ ಕೋಸಂಬರಿ ಮಾಡಿ
ಎರಡು ಡಬ್ಬಿ ಒಯ್ದೆ.
ಮಂಬಿ ಸಾಸಿವೆ ಕಾಳನ್ನು ಬೀಜವೆಂದು ತಿಳಿದು
ಒಂದೊಂದಾಗಿ ಆರಿಸಿ ಬದಿಗಿಡುತ್ತಾ
ಬೇಲಿಯ ಕಡೆ ನೋಡದೆ ಕೇಳಿದ:
ಆಕೆಯ ಮೊಣಕಾಲು ಹೇಗಿದೆಯಂತೆ?
ನೀವೇ ಕೇಳಿ, ಎಂದೆ.

ಮುಚ್ಚಳ ಹಾಕಿ, ಗಾಡಿ ತಿರುಗಿಸಿ,
ನನ್ನ ಪಟ್ಟಿಯ ಅಂಚಿನವರೆಗೆ ತಳ್ಳಿ
ಅಲ್ಲೇ ನಿಲ್ಲಿಸಿ ಹೋದ.
ಲದ್ದಿ ತುಂಬಿದ ಗಾಡಿ, ಹಿಡಿಕೆ ಬಲಕ್ಕೆ.