ಯಾವ ಸೊಕೋರೊ?

ಇಪ್ಪತ್ತಮೂರು ವರ್ಷ ಆ ಹಲಗೆಯ ಮುಂದೆ ಕೂತಿದ್ದೆ
ಕಿವಿಗೆ ಕರಿಯ ಬಟ್ಟಲು ಕಟ್ಟಿಕೊಂಡು.
ಕಣಿವೆಯ ಮೂವತ್ತೊಂದು ಟೆಲಿಫೋನುಗಳ ಮಾತು
ನನ್ನ ಬೆರಳ ಸಂದಿಯಲ್ಲೇ ಹಾಯಬೇಕು.
ತೂತಿಗೊಂದು ತಂತಿ. ಅಷ್ಟೇ ಕೆಲಸ.

ಕಷ್ಟವೆಲ್ಲ ಒಂದು ಹೆಸರಿನದು.

ಹೇಸರಗತ್ತೆ ಹೊಡೆದುಕೊಂಡು ಬೆಟ್ಟ ಇಳಿದ ಮೊದಲಿಗರು
ಹೊಳೆಯ ಬಾಯಿಂದ ಉಳಿದು ಬಂದು
ಊರಿಗಿಟ್ಟರಂತೆ ಸೊಕೋರೊ ಎಂದು.
ಊರು ಇಗರ್ಜಿಗೆ ಕೊಟ್ಟಿತು, ಇಗರ್ಜಿ ಮಾತೆಗೆ,
ಮಾತೆ ಹೆಣ್ಣುಕೂಸುಗಳಿಗೆ ಹಂಚಿಯೇ ಹಂಚಿದಳು,
ತೀರಲಿಲ್ಲ.
ಎರಡು ಹಾಸಿಗೆಯ ಆಸ್ಪತ್ರೆ ಸೊಕೋರೊ,
ಬೆಣ್ಣೆಯ ಕಾರ್ಖಾನೆ ಸೊಕೋರೊ, ಡಬ್ಬಿಯ ಮೇಲೊಂದು ಕೊಬ್ಬಿದ ಹಸು,
ಕನ್ಯಾಸ್ತ್ರೀಯರ ಶಾಲೆ, ಅಡವಿನ ಅಂಗಡಿ,
ಅಡವಿಗೂ! ತಿಂಗಳಿಗೆ ನೂರಕ್ಕೆ ಎಂಟು,
ಗುರುವಾರ ಮಾತ್ರ ಹೊರಟು ಏರಿನಲ್ಲಿ ನಿಲ್ಲುವ ಬಸ್ಸು.
ನನ್ನ ಸೋದರತ್ತೆಯೂ ಒಬ್ಬ ಸೊಕೋರೊ;
ನೆರೆಯವಳಿಗೆ ಒಂದು ಸೂಜಿ ಕಡ ಕೊಟ್ಟವಳಲ್ಲ.

ಅರ್ಥ ಇಷ್ಟೇ: ನೆರವು.
ಪಾದ್ರಿ ಕೂಸಿನ ನೆತ್ತಿಗೆ ನೀರು ಹನಿಸಿ ಉಸುರುವುದೂ ಅದನ್ನೇ,
ನೀರಿಗೆ ಬಿದ್ದವನು ಚೀರುವುದೂ ಅದನ್ನೇ.
ಸಂತೆಯಲ್ಲಿ ಯಾರಾದರೂ ಚೀರಿದರೆ
ಹತ್ತು ಹೆಂಗಸರು ತಿರುಗಿ
‘ಏನು?’ ಎನ್ನುತ್ತಿದ್ದರು.

ಹಾಗಾಗಿ ನಾನು ಕೇಳುವುದು ಕಲಿತೆ.
ಯಾವ ಸೊಕೋರೊ?
ಹಗಲೆಲ್ಲ ಅದೇ. ಕನಸಿನಲ್ಲೂ ಅದೇ
ಎಂದು ನನ್ನ ಗಂಡ ಬೆಲಾರ್ಮಿನೊ ನಗುತ್ತಿದ್ದ.

ಸೇತುವೆಯ ಸುಂಕದ ಕ್ರಿಸಾಂತೊನನ್ನು ಮಾತ್ರ
ಕೇಳುತ್ತಿರಲಿಲ್ಲ.
ರಾತ್ರಿ ಒಂಬತ್ತಕ್ಕೆ ಹದಿನೇಳನೆಯ ರೆಪ್ಪೆ ಬಿತ್ತೆಂದರೆ
ಹೊಲಿಗೆಯ ಸೊಕೋರೊ ಪಿನ್ಸೋನ್.
ಕದ್ದು ಕೇಳಿದ್ದೇನೆ, ಒಪ್ಪಿಕೊಳ್ಳುತ್ತೇನೆ.
ಪ್ರೇಮದ ಒಂದು ಮಾತಿಲ್ಲ.
‘ಇವತ್ತು ನೀರು ಎರಡನೆಯ ಗೆರೆ.’
‘ನೀಲಿ ದಾರ ಮುಗಿಯಿತು.’
ಆಮೇಲೆ ಇಬ್ಬರೂ ಸುಮ್ಮನೆ,
ಫೋನು ಇಡದೆ, ಬಹಳ ಹೊತ್ತು.

ಆ ರಾತ್ರಿ ಎರಡು ಗಂಟೆ ಮೀರಿತ್ತು.
ಮೆಕ್ಕೆಜೋಳದ ರೊಟ್ಟಿ ಮುರಿದು ಬಾಯಿಗಿಟ್ಟಿದ್ದೆ.
ಹದಿನೇಳು.
‘ಸೊಕೋರೊ.’
ಹೊತ್ತಲ್ಲದ ಹೊತ್ತು; ಪದ್ಧತಿಯಂತೆ ಕೇಳಿದೆ,
ಯಾವ ಸೊಕೋರೊ?
‘ಸೊಕೋರೊ’ ಅಂದ ಮತ್ತೆ, ನನಗೆ ತಿಳಿಯದೇ ಎಂಬಂತೆ.
ನಾನು ಜಾಣೆ. ನನ್ನೊಳಗೇ ನಕ್ಕು
ಹೊಲಿಗೆಯವಳ ತೂತಿಗೆ ತಂತಿ ಚುಚ್ಚಿದೆ.
ಆಸ್ಪತ್ರೆಯದು ಅಲ್ಲಿಂದ ನಾಲ್ಕು ಬೆರಳು.
ಇಗರ್ಜಿಯದು, ಗಂಟೆಯ ಹಗ್ಗದ ಪಕ್ಕದ್ದು,
ಇನ್ನೂ ಹತ್ತಿರ.

ಬೆಳಿಗ್ಗೆ ಅರ್ಧ ಸೇತುವೆ ಇತ್ತು.
ಸುಂಕದ ಗೂಡು ಇರಲಿಲ್ಲ.
ಹನ್ನೊಂದು ದಿನದ ಮೇಲೆ ಕೆಳಗಿನ ಮಡುವಿನಲ್ಲಿ ಸಿಕ್ಕ.
ಸೊಂಟದ ಚೀಲದಲ್ಲಿ ಚಿಲ್ಲರೆ,
ಲೆಕ್ಕ ಸರಿಯಾಗಿತ್ತಂತೆ.

ಅವಳು ಬಂದಳು, ಕೊರಳಲ್ಲಿ ಅಳತೆಯ ಪಟ್ಟಿ.
‘ನಾನೆತ್ತಿದಾಗ ಬರೀ ನೀರು, ಲಿಯೊನಿಲ್ದೆ.
ಆಮೇಲೆ ಬಟ್ಟೆ ಹರಿದ ಹಾಗೊಂದು ಸದ್ದು.
ನಿನಗೆ ಏನು ಹೇಳಿದ?’
ನಿಮ್ಮ ಹೆಸರು, ಅಂದೆ.
‘ಎಷ್ಟು ಸಲ?’
ಎರಡು.
ಬೆರಳಿನ ಕವಚ ತೆಗೆದು ಅಂಗೈಯಲ್ಲಿ ಉರುಳಿಸಿದಳು.
‘ಹಾಗಾದರೆ ನನ್ನನ್ನೇ.
ಮುಳುಗುವವರು ನಿಲ್ಲಿಸುವುದಿಲ್ಲ, ಕೂಗುತ್ತಲೇ ಇರುತ್ತಾರೆ.’
ನಾನು ತಲೆಯಾಡಿಸಿದೆ.

ಈಗ ಹಲಗೆಯೂ ಇಲ್ಲ, ತಂತಿಯೂ ಇಲ್ಲ.
ಅಂಕಿ ಒತ್ತಿದರೆ ಸೊಕೋರೊ, ಯಾವುದೆಂದು ಕೇಳುವವರಿಲ್ಲ.
ಅವಳೂ ಹೋಗಿ ಆರು ವರ್ಷ.
ಹಾಗಾಗಿ ಹೇಳಬಹುದು:
ತಂತಿ ಚುಚ್ಚಿದವಳೇ ಕಿವಿಯ ಬಟ್ಟಲು ಕಳಚಿಟ್ಟಿದ್ದೆ,
ಆ ಒಂದು ರಾತ್ರಿ, ಮರ್ಯಾದೆಗೆ.
ಅವಳ ಮನೆಯಲ್ಲಿ ಗಂಟೆ ಏಳು ಸಲ ಹೊಡೆದ ಮೇಲೆ ಅವಳು ಎದ್ದದ್ದು.
ಆ ಏಳರ ನಡುವೆ ಅವನು ಎಷ್ಟು ಸಲ ಅಂದ,
ನಾನು ರೊಟ್ಟಿ ತಿನ್ನುತ್ತಿದ್ದೆ.