ಮುಳ್ಳು ನಿಲ್ಲುವ ತನಕ

ನಾಲ್ಕು ಓಟಿನಿಂದ ಸೋತಿದ್ದೆ.
ಗೋಣಿಕೊಪ್ಪ, ಬಿ.ಕಾಂ. ಎರಡನೇ ವರ್ಷ, ಕ್ಲಾಸಿನ ಚುನಾವಣೆ.
ಆ ನಾಲ್ವರು ಯಾರೆಂದು ಕ್ಯಾಂಟೀನಿನ ಟೇಬಲ್ಲಿನ ಮೇಲೆ
ಚೆಲ್ಲಿದ ಚಹಾದಲ್ಲಿ ಹೆಸರು ಬರೆದು ಒರೆಸಿ, ಬರೆದು ಒರೆಸಿ
ಸೆಮಿಸ್ಟರೇ ಮುಗಿಯಿತು.
ಬೆಳ್ಯಪ್ಪನೊಡನೆ ಮಾತು ಬಿಟ್ಟೆ.
ಅವನ ಗುಂಪು ಕೂರುವ ಮೆಟ್ಟಿಲು ತಪ್ಪಿಸಲು
ಒಂದು ಪುಸ್ತಕವನ್ನೂ ಓದದೆ
ಲೈಬ್ರರಿಯ ದಾರಿ ಸವೆಸಿದೆ.

ರಜೆಗೆ ಚಿಕ್ಕಪ್ಪ ಕೆಲಸ ಕೊಡಿಸಿದರು:
ಎದುರು ಗುಡ್ಡದ ತೋಟದಲ್ಲಿ, ರೋಬಸ್ಟಾ ಕುಯ್ಲು ಮುಗಿಯುವವರೆಗೆ
ರೈಟರು.
ಹತ್ತೊಂಬತ್ತನೇ ವಯಸ್ಸಿಗೇ ಬಹುವಚನ.

ಸಂಜೆ ನಾಲ್ಕಕ್ಕೆ ಗೋಣಿಗಳು ಇಳಿದು ಬರುತ್ತವೆ,
ಗೋಣಿಗಳ ಕೆಳಗೆ ಜನ.
ಕೊಕ್ಕೆಗೆ ಸಿಕ್ಕಿಸು, ಮುಳ್ಳು ನಡುಗಿ ನಿಲ್ಲಲಿ,
ಓದು, ಎರಡು ಕಿಲೊ ಕಳೆ, ಬರೆ.
ಎಲೆ, ಕಡ್ಡಿ, ಗೋಣಿಯ ಸ್ವಂತ ತೂಕ, ಎಂದ ಮೇಸ್ತ್ರಿ ವೇಲಾಯುಧಣ್ಣ.
ಮೂರನೇ ದಿನ ಬರಿ ಗೋಣಿ ತೂಗಿ ನೋಡಿದೆ.
ಒಂದು ಕಿಲೊ ಕೂಡ ಇರಲಿಲ್ಲ.
ಆಮೇಲೂ ಹಾಗೇ ಬರೆದೆ.

ಮೊರ್ಜಿನಾ ಅಸ್ಸಾಮಿನ ಬರಪೇಟಾದವಳು,
ನನ್ನ ವಯಸ್ಸೇ ಇರಬಹುದು.
ಮುಳ್ಳು ನಿಂತೊಡನೆ, ಬಿರುಕು ಬಿಟ್ಟ ಮೊಬೈಲಿನಲ್ಲಿ
ತಕ್ಕಡಿಯದೊಂದು ಫೋಟೊ.
ಜಗಳವಿಲ್ಲ, ಪ್ರಶ್ನೆಯಿಲ್ಲ.
ನನ್ನ ಪುಸ್ತಕದಲ್ಲಿ ನಲವತ್ತೊಂದು,
ಅವಳ ಮುಷ್ಟಿಯೊಳಗೆ ನಲವತ್ತಮೂರು.
ಚುನಾವಣೆಯ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ
ನಾನೇ ಬರೆದಿದ್ದ ಆ ಪದ...
ಬೇಡ, ಇಲ್ಲಿ ಬರೆಯುವುದಿಲ್ಲ.

ಒಂದು ಮಧ್ಯಾಹ್ನ ಬಂಡೆಯ ಮೇಲೆ ಬುತ್ತಿ ಬಿಚ್ಚಿದಾಗ
ಸಿಲ್ವರ್ ಓಕಿನ ಸಂದಿಯಿಂದ ಕೆಳಗೆ ತೋರಿಸಿದಳು,
ಅರ್ಧ ಹಿಂದಿ, ಅರ್ಧ ತೋಟದ ಕನ್ನಡ:
“ಆ ಹಳದಿ ಡಬ್ಬ ಏನು? ಕಾಫಿ ಗೋಡೌನಾ?”

ನನ್ನ ಕಾಲೇಜು.
ಮೆಟ್ಟಿಲು ಕಾಣಲಿಲ್ಲ, ಕ್ಯಾಂಟೀನು ಕಾಣಲಿಲ್ಲ.
ಹೆಬ್ಬೆರಳೆತ್ತಿದರೆ ಇಡೀ ಕಟ್ಟಡ ಮುಚ್ಚಿಹೋಗುತ್ತಿತ್ತು.

“ಎಷ್ಟು ವರ್ಷದಿಂದ ಇದೆ?”
ಐವತ್ತಾದರೂ ಆಗಿರಬೇಕು.
“ಒಂದೇ ಕಡೆ?”

ಅವಳ ಶಾಲೆ ಮೂರು ಸಲ ಎದ್ದು ಹೋಗಿತ್ತು,
ತಗಡು, ಬೆಂಚು, ಗಂಟೆ ದೋಣಿಗೆ ಹೇರಿಕೊಂಡು,
ಹೊಳೆ ದಂಡೆ ತಿನ್ನುತ್ತ ಬಂದ ಹಾಗೆಲ್ಲ.
ನಾಲ್ಕನೇ ಸಲ ಗಂಟೆ ಮಾತ್ರ ಸಿಕ್ಕಿತಂತೆ.
ಹಸಿಮೆಣಸು ಕಚ್ಚಿ ನಗುತ್ತಲೇ ಹೇಳಿದಳು.
ನನಗೆ ನಗಲೂ ಬರಲಿಲ್ಲ, ಅಯ್ಯೋ ಅನ್ನಲೂ.

ಆ ಸಂಜೆ ನಲವತ್ತಮೂರನ್ನು ನಲವತ್ತಮೂರೆಂದೇ ಬರೆದೆ.
ವೇಲಾಯುಧಣ್ಣ ಪುಸ್ತಕ ನೋಡಿದ, ನನ್ನನ್ನು ನೋಡಿದ,
ಎಲೆಅಡಿಕೆ ಉಗಿದ.
“ನಿಮ್ಮ ಸಂಬಳದಲ್ಲಿ ಹಿಡೀಲಾ, ರೈಟರೇ?”
ಐದು ದಿನ ಹಿಡಿದ.
ಆರನೇ ದಿನದಿಂದ ನಾನೇ ಮತ್ತೆ ಕಳೆಯತೊಡಗಿದೆ:
ಎರಡಲ್ಲ, ಒಂದು ಕಿಲೊ.
ಇದನ್ನು ಗೆಲುವು ಅಂತ ಯಾರಿಗೂ ಹೇಳಿಲ್ಲ.

ಈಗ ಮತ್ತೆ ಕಿಟಕಿಯ ಪಕ್ಕದ ಬೆಂಚು.
ಮೂರು ಸೆಮಿಸ್ಟರು ಆ ಗುಡ್ಡ
ಹಳೇ ಕ್ಯಾಲೆಂಡರಿನ ಚಿತ್ರದಂತೆ ತೂಗಿಕೊಂಡಿತ್ತು.
ಕುಯ್ಲು ಮುಗಿದಿದೆ, ಗಿಡಗಳು ಹೂಮಳೆಗೆ ಕಾದಿವೆ,
ಅವರ ರೈಲು ಯಾವ ಹೊಳೆ ದಾಟುತ್ತಿದೆಯೋ.
ಹೆಬ್ಬೆರಳೆತ್ತಿ ಗುಡ್ಡ ಮುಚ್ಚಲು ನೋಡಿದೆ.
ಆಗಲಿಲ್ಲ.

ಹಾಜರಿ ನಡೆಯುತ್ತಿತ್ತು. ನನ್ನ ಹೆಸರು ಎರಡು ಸಲ ಕೂಗಿದರಂತೆ.
ಬೆಳ್ಯಪ್ಪ ಹಿಂದಿನಿಂದ ಪೆನ್ನಿನಲ್ಲಿ ಚುಚ್ಚಿದ:
“ಲೋ, ನಿನ್ನನ್ನೇ.”
ಪ್ರೆಸೆಂಟ್ ಸಾರ್, ಎಂದೆ,
ತುಸು ತಡವಾಗಿ.