ಎಡಗಾಲು ಎಲ್ಲಿ

ಪುಸ್ತಕದಲ್ಲಿ ಆ ಕಾಳಗ ಹನ್ನೊಂದು ಪುಟ.
ಹಗ್ಗದ ಸೇತುವೆ, ಮೂರನೆಯ ಹಲಗೆ ಇಲ್ಲ,
ಈ ದಂಡೆಗೆ ಅಂಬಿಗರ ಹುಡುಗಿ, ಆ ದಂಡೆಗೆ ಕಲ್ಲುಮೈಯ ದೈತ್ಯ.
ರಾತ್ರಿ ಊಟವಾದ ಮೇಲೆ ನಾನು ಓದುತ್ತಿದ್ದೆ.
ಅಜ್ಜ, ಅಮೋಗಸಿದ್ಧ ವಸ್ತಾದ, ಕಂಬಕ್ಕೆ ಬೆನ್ನು ಕೊಟ್ಟು
ಮುರುಟಿದ ಕಿವಿಗೆ ಕೈ ಹಚ್ಚಿ ನಡುನಡುವೆ ತಡೆಯುತ್ತಿದ್ದ:
‘ತಡಿ. ಆಕೀ ಎಡಗಾಲು ಎಲ್ಲೈತಿ?’
ಹಿಂದಿನ ಸಾಲಿಗೆ ಹೋಗಿ ನೋಡಿದರೆ ಇರುತ್ತಿತ್ತು,
ಎರಡನೆಯ ಹಲಗೆಯ ಅಂಚಿಗೆ, ಹೆಬ್ಬೆರಳು ಒತ್ತಿ.
‘ಬರದಾಂವ ಮಣ್ಣು ಮುಟ್ಯಾನ,’ ಅಂದ.
ಯಾರನ್ನೂ ಅಷ್ಟು ಹೊಗಳಿದ್ದು ನಾನು ಕೇಳಿಲ್ಲ.

ಅದು ಸಿನಿಮಾ ಆಗಿದೆ ಅಂತ ತಿಳಿದ ದಿನವೇ
ಧೋತರಕ್ಕೆ ನೀಲಿ ಹಾಕಿಸಿಕೊಂಡ.
ಉಮದಿಯಿಂದ ಸೊಲ್ಲಾಪುರಕ್ಕೆ ಕೆಂಪು ಬಸ್ಸು.
ಬೋರ್ಡು ಮರಾಠಿ, ಟಿಕೀಟು ಮರಾಠಿ,
ಕಂಡಕ್ಟರು ಚಿಲ್ಲರೆಗಾಗಿ ಬೈದದ್ದು ಮಾತ್ರ ಕನ್ನಡದಲ್ಲಿ.
ಪಿಚ್ಚರು ಹಿಂದಿ. ಅಜ್ಜನಿಗೆ ಹಿಂದಿ ಅಷ್ಟಕ್ಕಷ್ಟೆ.
‘ಕುಸ್ತಿಗ್ಯಾಕ ಭಾಷಾ?’

ಮಧ್ಯಂತರ ಮುಗಿದು ಸೇತುವೆ ಬಂತು. ಬಂತೇ?
ಹೊಗೆ ಬಂತು. ಕತ್ತಲೆ ಬಂತು. ಕೂದಲು.
ಹಲ್ಲು, ಕಿಡಿ, ಮತ್ತೆ ಕೂದಲು,
ಯಾರದೋ ಮೊಣಕೈ, ಯಾರಿಗೋ ಪೆಟ್ಟು,
ಕ್ಯಾಮೆರಾಕ್ಕೆ ಚಳಿಜ್ವರ.
ಒಂದು ಒದೆತ ಹದಿನಾಲ್ಕು ತುಂಡು. ಎಣಿಸಿದೆ,
ಬೇರೆ ಕೆಲಸವಿರಲಿಲ್ಲ.
ಎಡಕ್ಕಿದ್ದ ಹುಡುಗಿ ಬಲಕ್ಕೆ ಬಂದಳು, ನಡೆಯದೆಯೇ.
ದೈತ್ಯನಿಗೆ ತೂಕವಿಲ್ಲ; ಬಿದ್ದರೆ ಹಲಗೆ ಕಿರುಗುಟ್ಟಲಿಲ್ಲ,
ಸ್ಪೀಕರು ಮಾತ್ರ ನಮ್ಮ ಎದೆ ಗುದ್ದಿತು.
ಮೂರನೆಯ ಹಲಗೆ ಗಟ್ಟಿಮುಟ್ಟಾಗಿ ಇತ್ತು.

ಅಜ್ಜ ಎದ್ದು ನಿಂತ. ಹಿಂದಿನವರು ಸೀಟಿ ಹೊಡೆದರು.
ಕಣದ ಹೊರಗೆ ನಿಂತು ಪಟ್ಟು ಕೂಗುವ ದನಿಯಲ್ಲಿ:
‘ಕಾಲು ತೋರಸ್ರೋ! ಕಾಲು ತೋರಸ್ರೆಲೇ!’
ನಕ್ಕರು. ಒಬ್ಬ ಪಾಪ್‌ಕಾರ್ನು ಎಸೆದ.
ಅದು ಅಜ್ಜನ ಭುಜಕ್ಕೆ ತಾಗಿ ಬಿದ್ದದ್ದು
ಆ ಮೂರು ತಾಸಿನಲ್ಲಿ ನಾನು ಪೂರ್ತಿ ಕಂಡ ಒಂದೇ ಏಟು.

ಮಂಗಳವೇಢೆ ದಾಟಿದ ಮೇಲೆ ಬಾಯಿ ಬಿಟ್ಟ:
‘ಆ ಹುಡುಗಿ ಪಾಪ, ಕಲ್ತಾಳ. ಒಮ್ಮೆ ಹೆಗಲ ಇಳಿಸಿದ್ದ ಕಂಡೆ.
ಕತ್ತರಿ ಹಿಡದಾಂವ ಬಿಡ್ಲಿಲ್ಲ.’

ಮನೆ ಮುಟ್ಟಿದಾಗ ಹನ್ನೊಂದು. ಚಪ್ಪಲಿ ಬಿಟ್ಟವನೇ
ತಾಲೀಮಿನ ಬೀಗ ತೆಗೆದ.
ಮಜ್ಜಿಗೆ, ಎಣ್ಣೆ, ಅರಿಷಿಣ ಕುಡಿದ ಕೆಂಪು ಮಣ್ಣು;
ನಮ್ಮವ್ವ ಇವತ್ತಿಗೂ ಅದರ ಹೊಸ್ತಿಲು ದಾಟಿಲ್ಲ.
ಸಲಿಕೆಯ ಹಿಡಿಯಿಂದ ಗೆರೆ ಎಳೆದ: ಒಂದು, ಎರಡು,
ಮೂರನೆಯದನ್ನು ಬಿಟ್ಟು, ನಾಲ್ಕು.
‘ನೀ ದೈತ್ಯ. ಬಾ.’
ಬ್ಯಾಂಕಿನ ಪರೀಕ್ಷೆಗೆ ಓದುವವಳು ನಾನು, ನಲವತ್ತಾರು ಕಿಲೋ. ಹೋದೆ.

ಎಪ್ಪತ್ತೊಂದರ ಮುದುಕ ಹುಡುಗಿಯಾದ.
ಅವಸರವಿಲ್ಲ. ಎಡ ಹೆಬ್ಬೆರಳು ಗೆರೆಯ ಮೇಲೆ.
ನನ್ನ ಬಲಗಾಲು ಇಲ್ಲದ ಹಲಗೆಯನ್ನು ಹುಡುಕುತ್ತಿದೆ ಅಂತ
ನನಗಿಂತ ಮೊದಲು ಅವನಿಗೆ ಗೊತ್ತಾಯಿತು.
ಮೊಣಕಾಲ ಹಿಂದೆ ಒಂದು ಕೈ, ಅಷ್ಟೇ.
ಇಡೀ ನಾನು ನಿಧಾನವಾಗಿ, ಒಂದೇ ತುಂಡಾಗಿ, ಕೆಳಗೆ.

ಬೆನ್ನಿಗೆ ಮಣ್ಣು ತಣ್ಣಗೆ ಹತ್ತಿತು.
ತಗಡಿನ ಸಂದಿಯಲ್ಲಿ ಚುಕ್ಕಿ, ಅಜ್ಜನ ಏದುಸಿರು.
ಕೊನೆಯ ಪುಟದಲ್ಲಿ ದೈತ್ಯ ಬಿದ್ದು ಯಾಕೆ ನಗುತ್ತಾನೆ
ಅಂತ ಪುಸ್ತಕ ಹೇಳಿರಲಿಲ್ಲ.
‘ಎಡಗಾಲು ಎಲ್ಲಿತ್ತು?’ ಅಂದ.
ಹೇಳಿದೆ.